ಟರ್ಬೊ ಇಲ್ಲದೆ ಚಕ್ರದಲ್ಲಿ 157 ಎಚ್‌ಪಿ: ನನ್ನ ಅನುಭವ

ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.8 ಲೀಟರ್ ಎಂಜಿನ್. ಮೊದಲ ಸಲ ಡೈನೋ (ಚಕ್ರಕ್ಕೆ ತಲುಪುವ ಶಕ್ತಿ ಅಳೆಯುವ ಯಂತ್ರ) ಹತ್ತಿಸಿದಾಗ ಚಕ್ರದಲ್ಲಿ ಸಿಕ್ಕಿದ್ದು 104 ಎಚ್‌ಪಿ. ಈಗ ಅದೇ ಡೈನೋದಲ್ಲಿ 157. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, ಸೂಪರ್‌ಚಾರ್ಜರ್ ಇಲ್ಲ, ನೈಟ್ರಸ್ ಅನಿಲವೂ ಇಲ್ಲ. ನಾಲ್ಕು ವರ್ಷ ಹಿಡಿಯಿತು.

ಶುರುವಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಈ ಎಂಜಿನ್ ಮೇಲೆ ದುಡ್ಡು ಸುರೀಬೇಡ ಮಾರಾಯ, ಸುಮ್ನೆ ಟರ್ಬೊ ಹಾಕು." ಖರ್ಚಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಟರ್ಬೊ ಆಗಿದ್ದರೆ ಅರ್ಧ ದುಡ್ಡಿಗೆ ಇಷ್ಟೇ ಎಚ್‌ಪಿ ಬರುತ್ತಿತ್ತು. ಆದರೆ ನನಗೆ ಬೇಕಾಗಿದ್ದು ಕಾಲು ಒತ್ತಿದ ಕ್ಷಣವೇ ಸಿಗುವ ಪಿಕಪ್, 7,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟಿದ ಮೇಲೂ ಬಿಡದ ಎಳೆತ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ತೆರೆದ ಫಿಲ್ಟರ್, ದಪ್ಪ ಸೈಲೆನ್ಸರ್, ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟ್) ತುದಿಗೆ ಹಗುರ ಪುಲ್ಲಿ. ಸದ್ದು ಜೋರಾಯಿತು. ಡೈನೋದಲ್ಲಿ ಬಂದದ್ದು ಮೂರೋ ನಾಲ್ಕೋ ಎಚ್‌ಪಿ. ಅನುಮಾನ ಬಂದು ಫಿಲ್ಟರ್ ಪಕ್ಕ ಒಂದು ಥರ್ಮಾಮೀಟರ್ ಕಟ್ಟಿ ಓಡಿಸಿದೆ. ಹೊರಗೆ 30 ಡಿಗ್ರಿ ಇದ್ದಾಗ ಎಂಜಿನ್ ಎಳೆಯುತ್ತಿದ್ದ ಗಾಳಿ ಹತ್ತಿರ ಹತ್ತಿರ 55! ತಗಡು ಬಾಗಿಸಿ ಪೆಟ್ಟಿಗೆ ಮಾಡಿ, ಕಾರಿನ ಮೂತಿಯಿಂದ ಪೈಪ್ ಎಳೆದೆ. ಅಂಗಡಿಯ ಫಿಲ್ಟರ್ ಕೊಡದೇ ಇದ್ದದ್ದನ್ನು ಆ ತಗಡು ಕೊಟ್ಟಿತು. ಪುಲ್ಲಿಯನ್ನಂತೂ ಕಿತ್ತು ಹಳೆಯದನ್ನೇ ಹಾಕಿದೆ. ಕಂಪನಿ ಪುಲ್ಲಿಯಲ್ಲಿ ನಡುಕ ಹೀರುವ ಡ್ಯಾಂಪರ್ ಇರುತ್ತದೆ. ಅದಿಲ್ಲದೆ ಮೇಲಿನ ಆರ್‌ಪಿಎಂನಲ್ಲಿ ಓಡಿಸಿದರೆ ಕ್ರ್ಯಾಂಕಿನ ನಡುಕವೆಲ್ಲ ಆಯಿಲ್ ಪಂಪಿನ ಗೇರಿಗೆ ಹೋಗುತ್ತದೆ. ಈ ಎಂಜಿನ್‌ನಲ್ಲಿ ಆ ಗೇರು ಒಡೆಯುವುದು ಹೊಸ ಸುದ್ದಿಯೇನಲ್ಲ. ನಾನು ಮುಂದೆ ಗಟ್ಟಿ ಉಕ್ಕಿನ ಗೇರನ್ನೇ ಹಾಕಿಸಿದೆ. ಇದೊಂದರಲ್ಲಿ ಜಿಪುಣತನ ಬೇಡ.

ಆಮೇಲೆ ಹೆಡ್‌ಗೆ, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗಕ್ಕೆ, ಕೈ ಹಾಕಿದೆ. ಎರಡನೇ ತಲೆಮಾರಿನ ಹೆಡ್ ತಂದೆ. ಅದರ ಇನ್‌ಟೇಕ್ ಪೋರ್ಟ್ (ಗಾಳಿ ಒಳಹೋಗುವ ದಾರಿ) ಚೆನ್ನಾಗಿದೆ, ವಾಲ್ವ್ ಒತ್ತುವ ಟ್ಯಾಪೆಟ್ ಕೂಡ ಹೈಡ್ರಾಲಿಕ್ ಅಲ್ಲ. ಪೋರ್ಟಿಂಗ್‌ಗೆ, ಅಂದರೆ ಆ ದಾರಿ ತಿದ್ದಲು, ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅವರು ಪೋರ್ಟನ್ನು ಕೊರೆದು ಕೊರೆದು ಬಾವಿ ಮಾಡಿ ಕೊಟ್ಟರು. ಕನ್ನಡಿಯಂತೆ ಪಾಲಿಶ್ ಬೇರೆ. ನೋಡೋಕೆ ಬಹಳ ಚೆಂದ. ಕಾರಿಗೆ ಹಾಕಿದರೆ 4,500ರ ಕೆಳಗೆ ಎಂಜಿನ್ ಸತ್ತೇ ಹೋಗಿತ್ತು, ಮೇಲೆ ಬಂದದ್ದು ಐದು ಎಚ್‌ಪಿ. ಪೋರ್ಟ್ ಅಗಲವಾದಷ್ಟೂ ಗಾಳಿಯ ವೇಗ ಬಿತ್ತು, ಅಷ್ಟೇ. ಆ ಹೆಡ್ಡೂ ಹೋಯಿತು, ಕೂಲಿಯೂ ಹೋಯಿತು. ಒಟ್ಟು ಖರ್ಚಿನಲ್ಲಿ ಐದನೇ ಒಂದು ಪಾಲು ಅಲ್ಲೇ ನೀರುಪಾಲು.

ಎರಡನೇ ಹೆಡ್ಡನ್ನು ಯಾರ ಕೈಗೂ ಕೊಡಲಿಲ್ಲ. ಪೋರ್ಟಿನ ಬಾಯಿ ಮುಟ್ಟಲೇ ಇಲ್ಲ. ಕೆಲಸವೆಲ್ಲ ವಾಲ್ವ್ ಸೀಟಿನ ಮೇಲಿನ ಒಂದೆರಡು ಸೆಂಟಿಮೀಟರ್‌ನಲ್ಲಿ. ಅಲ್ಲಿ ಕಟರ್ ಬಿಟ್ಟಿದ್ದ ಏಣನ್ನು ಸವರಿದೆ, ಸೀಟ್ ಮೂರು ಕೋನದಲ್ಲಿ ಕಟ್ ಮಾಡಿಸಿದೆ. ಒಳತಿರುವಿಗೆ ಯಾವ ಆಕಾರ ಕೊಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಒಂದು ಹೆಡ್ ಕಳೆದುಕೊಂಡಿದ್ದೇನೆ. ಒಂದು ವಿಷಯ ಮಾತ್ರ ಹೇಳುತ್ತೇನೆ: ಇನ್‌ಟೇಕ್ ಕಡೆ ಪಾಲಿಶ್ ಮಾಡಬೇಡಿ, ಒರಟಾಗಿಯೇ ಬಿಡಿ.

ಕಂಪ್ರೆಶನ್ (ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಒತ್ತಿಹೋಗುತ್ತದೆ ಅನ್ನುವ ಲೆಕ್ಕ) 9ರಿಂದ 11ಕ್ಕೆ ಏರಿಸಿದೆ. 84 ಮಿಲಿಮೀಟರ್ ಪಿಸ್ಟನ್ ಹಾಕಿದ ಮೇಲೆ ಒಂದು ಸಿಲಿಂಡರ್ 471 ಸಿಸಿ. 11:1 ಬೇಕೆಂದರೆ ಮೇಲೆ ಉಳಿಯುವ ಜಾಗ 47 ಸಿಸಿ ಇರಬೇಕು. ಬ್ಯೂರೆಟ್ ಮತ್ತು ಅಕ್ರಿಲಿಕ್ ಗಾಜು ಇಟ್ಟು ನಾಲ್ಕೂ ಚೇಂಬರ್ ಅಳೆದೆ. ಒಂದಕ್ಕೂ ಇನ್ನೊಂದಕ್ಕೂ ಒಂದೂವರೆ ಸಿಸಿ ವ್ಯತ್ಯಾಸ. ಎರಡು ರಾತ್ರಿ ಕೂತು ಸಮ ಮಾಡಿದೆ.

ವಾಲ್ವ್ ತೆರೆಯುವ ಹೊಸ ಕ್ಯಾಮ್ ವಿಷಯದಲ್ಲಿ ಅವಸರ ಮಾಡದಿದ್ದದ್ದೇ ಎಂಜಿನ್ ಉಳಿಸಿತು. ಮಾರಿದವರು "ಹಾಗೇ ಹಾಕಬಹುದು" ಅಂದಿದ್ದರು. ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೋ ನೋಡೋಣ ಅಂತ ನಾನು ಪಿಸ್ಟನ್ ತಲೆಗೆ ಮಕ್ಕಳು ಆಡುವ ಕ್ಲೇ ಮೆತ್ತಿ, ಸ್ವಲ್ಪ ಎಣ್ಣೆ ಸವರಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಬಿಚ್ಚಿ ನೋಡಿದರೆ ವಾಲ್ವಿನ ಗುರುತು ಅಚ್ಚೊತ್ತಿದ ಹಾಗೆ ಕೂತಿತ್ತು. ಬ್ಲೇಡಿನಲ್ಲಿ ಕೊಯ್ದು ವರ್ನಿಯರ್ ಇಟ್ಟರೆ ಇನ್‌ಟೇಕ್ ಕಡೆ ತೀರಾ ತೆಳುವಾದ ಜಾಗದಲ್ಲಿ 0.9 ಮಿಲಿಮೀಟರ್. ನನಗೆ 1.5 ಆದರೂ ಬೇಕಿತ್ತು. ಪಿಸ್ಟನ್ ಮತ್ತೆ ಲೇತಿಗೆ ಹೋಗಿ ವಾಲ್ವ್ ಪಾಕೆಟ್ ಆಳ ಮಾಡಿಸಿಕೊಂಡು ಬಂತು. ಸ್ವಲ್ಪ ಕಂಪ್ರೆಶನ್ ಅಲ್ಲಿ ಇಳಿಯಿತು, ಹೆಡ್ ಒಂದು ಕೂದಲೆಳೆ ಕೆರೆಸಿ ಸರಿ ಮಾಡಿದೆ.

ಇದಾದ ಮೇಲೂ ಒಂದು ಪಿಸ್ಟನ್ ಕಳೆದುಕೊಂಡೆ. ಸಿಲಿಂಡರಿಗೆ ಒಂದರಂತೆ ನಾಲ್ಕು ಥ್ರಾಟಲ್ ಬಾಡಿ (ಗಾಳಿ ಬಿಡುವ ಬಾಗಿಲು) ಹಾಕಿದ ಹೊಸತು. ಟ್ಯೂನ್ ಮಾಡಿಕೊಟ್ಟವರು ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನಂಬಿದ್ದರು. ನಾಲ್ಕು ಥ್ರಾಟಲ್ ಇದ್ದಾಗ ಸ್ವಲ್ಪ ತೆರೆದರೂ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಅರ್ಧಕ್ಕೂ ಪೂರ್ತಿಗೂ ಸೆನ್ಸರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ಪೆಟ್ರೋಲ್ ಕಮ್ಮಿಯಾಗಿ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿಯುವುದು) ಶುರುವಾಗಿದೆ, ಎಕ್ಸಾಸ್ಟ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಮೂರನೇ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ ಚುಕ್ಕಿಗಳು, ನಡುವೆ ಒಂದೆರಡು ಹೊಳೆಯುವ ಕಣ. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಪಿಸ್ಟನ್ ರಿಂಗ್‌ಗಳ ನಡುವಿನ ಗೋಡೆ ಬಿರುಕು ಬಿಟ್ಟಿತ್ತು. ಅಂದಿನಿಂದ ಟ್ಯೂನಿಂಗ್ ನಾನೇ ಮಾಡುತ್ತೇನೆ. ಇಂಧನದ ಲೆಕ್ಕ ಥ್ರಾಟಲ್ ತೆರೆದಷ್ಟಕ್ಕೆ, ಪೂರ್ತಿ ಒತ್ತಿದಾಗ ಎಎಫ್‌ಆರ್ (ಗಾಳಿಗೂ ಪೆಟ್ರೋಲಿಗೂ ಇರುವ ಪ್ರಮಾಣ) 12.8ರ ಆಸುಪಾಸು. ಇಗ್ನಿಶನ್ (ಕಿಡಿ ಹೊತ್ತುವ ಸಮಯ) ಒಂದೊಂದೇ ಡಿಗ್ರಿ ಮುಂದೆ ತಂದು, ಟಾರ್ಕ್ (ತಿರುಗಿಸುವ ಬಲ) ಏರುವುದು ನಿಂತ ತಕ್ಷಣ ಎರಡು ಡಿಗ್ರಿ ಹಿಂದೆ.

ಮಧ್ಯೆ ಒಂದು ಪ್ರಯೋಗ ನನಗೆ ಬಹಳ ಖುಷಿ ಕೊಟ್ಟಿತು. ಥ್ರಾಟಲ್ ಬಾಯಿಗೆ ಹಾಕುವ ತುತ್ತೂರಿಗಳನ್ನು ಪಿವಿಸಿ ಪೈಪಿನಲ್ಲಿ ಮೂರು ಉದ್ದಕ್ಕೆ ಮಾಡಿ, ಒಂದೇ ಮಧ್ಯಾಹ್ನ ಡೈನೋದಲ್ಲಿ ಬದಲಾಯಿಸುತ್ತಾ ಹೋದೆ. ಉದ್ದನೆಯದರಲ್ಲಿ 5,000ದ ಹತ್ತಿರ ಟಾರ್ಕ್ ಉಬ್ಬಿತು, 7,000ದಲ್ಲಿ ಎಂಟು ಎಚ್‌ಪಿ ಹೋಯಿತು. ಗಿಡ್ಡದು ತದ್ವಿರುದ್ಧ. ನಡುವಿನದನ್ನು ಇಟ್ಟುಕೊಂಡೆ. ಪೈಪಿಗೆ ಆದ ಖರ್ಚು ಲೆಕ್ಕಕ್ಕೇ ಇಲ್ಲ, ಅಂಗಡಿಯ ತುತ್ತೂರಿ ತಂದಿದ್ದರೆ ಒಂದೇ ಉದ್ದಕ್ಕೆ ಸಿಕ್ಕಿಬೀಳುತ್ತಿದ್ದೆ ಅಲ್ವಾ? ಕ್ಯಾಮ್ ಗೇರುಗಳನ್ನೂ ಹೀಗೇ ಹಿಂದೆ ಮುಂದೆ ಮಾಡಿ ಕೂರಿಸಿದ್ದೇನೆ. ಆ ಡಿಗ್ರಿ ಹೇಳುವುದಿಲ್ಲ. ಹೇಳಿದರೂ ಬೇರೆ ಕ್ಯಾಮ್‌ಗೆ ಅದು ಒಗ್ಗುವುದಿಲ್ಲ.

ನೆನಪಿನ ಲೆಕ್ಕದಲ್ಲಿ, ಬಂದ 53 ಎಚ್‌ಪಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಡ್, ಕ್ಯಾಮ್, ಕಂಪ್ರೆಶನ್ ಮೂರೂ ಸೇರಿ ಕೊಟ್ಟದ್ದು. ಥ್ರಾಟಲ್ ಬಾಡಿ ಮತ್ತು ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ ಪೈಪುಗಳ ಗೊಂಚಲು) ಸುಮಾರು ಹದಿನೈದು, ಉಳಿದದ್ದು ಟ್ಯೂನಿಂಗ್ ಮತ್ತು ತಣ್ಣನೆಯ ಗಾಳಿ. ದುಡ್ಡು ಹೋದದ್ದು ಮಾತ್ರ ಬಾನೆಟ್ ತೆರೆದರೆ ಕಾಣುವ ಸಾಮಾನಿಗೇ ಜಾಸ್ತಿ. ಎಚ್‌ಪಿ ಪೀಕ್ 7,300 ಆರ್‌ಪಿಎಂನಲ್ಲಿ, ಎಂಜಿನ್ ಅದಕ್ಕಿಂತ ಮೇಲೆ ಓಡದಂತೆ ತಡೆಯುವ ಕಟ್ 7,600ಕ್ಕೆ ಇಟ್ಟಿದ್ದೇನೆ. ಟರ್ಬೊ ಹಾಕು ಅಂದಿದ್ದವರಲ್ಲಿ ಒಬ್ಬರು ಹೋದ ತಿಂಗಳು ಟ್ರ್ಯಾಕ್‌ನಲ್ಲಿ ಓಡಿಸಿ ಇಳಿದರು. ಮಾತಾಡದೆ ಬಾನೆಟ್ ಎತ್ತಿ, ಕ್ಯಾಮ್ ಯಾವುದು ಅಂತ ಕೇಳಿದರು.

ಈಗ ಹೆಡರಿನ ಪೈಪುಗಳನ್ನು ಇನ್ನೊಂದು ಗೇಣು ಉದ್ದ ಮಾಡಿಸಲು ಕೊಟ್ಟಿದ್ದೇನೆ. 5,200ರಲ್ಲಿ ಟಾರ್ಕ್ ಇಳಿಯುವ ಒಂದು ಸಣ್ಣ ಗುಂಡಿ ಉಳಿದಿದೆ, ಅದು ತುಂಬುತ್ತದೆ ಅನ್ನುವುದು ನನ್ನ ಲೆಕ್ಕ.