ಯಾವ ತಪ್ಪು, ಯಾರಿಗೆ ಮಾಡಿದ್ದು?

ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ ಅಂತ ಯಾರಾದರೂ ಬಂದರೆ ನಾನು ತಕ್ಷಣ ಪ್ರಾರ್ಥನೆಗೆ ಕೂರುವುದಿಲ್ಲ. ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಯಾವ ತಪ್ಪು? ಯಾರಿಗೆ ಮಾಡಿದ್ದು? ಉತ್ತರ ಸಿಕ್ಕರೆ ಒಂದು ದಾರಿ, ಸಿಗದಿದ್ದರೆ ಬೇರೆ ದಾರಿ. ಬಾಗಲಕೋಟೆ ಕಡೆ ಕ್ರೈಸ್ತ ಸಭೆಯ ಹಿರಿಯನಾಗಿ ಮನೆಮನೆ ಓಡಾಡಿ ನಾನು ಕಲಿತದ್ದು ಇದನ್ನೇ. ನಾನು ಪಾಸ್ಟರ್ ಅಲ್ಲ, ಗಣಿತ ಕಲಿಸಿ ರಿಟೈರ್ ಆದ ಮಾಸ್ತರ. ಪಾಸ್ಟರ್ ಮುಂದೆ ಬಾಯಿ ಬಿಡಲು ಜನರಿಗೆ ಅಂಜಿಕೆ. ನನ್ನ ಮುಂದೆ ಅಷ್ಟಿಲ್ಲ.

ಆ ಅಂಜಿಕೆ ಹಳೆಯದು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ ಅನ್ನೋ ಸ್ವಿಸ್ ಕ್ರೈಸ್ತ ಸಂಸ್ಥೆಯ ಕೆಲಸ ಶುರುವಾದದ್ದು 1851ರಲ್ಲಿ. ಆ ಕಾಲದ ಸಭಾ ಶಿಸ್ತು ಭಾಳ ಬಿಗಿ. ತಪ್ಪು ಮಾಡಿದವರನ್ನು ಯೇಸುವಿನ ನೆನಪಿನ ಕರ್ತನ ಭೋಜನದಿಂದ ದೂರ ಇಡುತ್ತಿದ್ದರು, ಪಶ್ಚಾತ್ತಾಪ ಕಂಡ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಈಗ ನಮ್ಮಲ್ಲಿ ಹಾಗೆ ತಡೆಯುವವರಿಲ್ಲ, ಜನ ತಮ್ಮನ್ನು ತಾವೇ ತಡೆದುಕೊಳ್ಳುತ್ತಾರೆ. ರೊಟ್ಟಿ, ದ್ರಾಕ್ಷಾರಸ ತಗೊಳ್ಳಲು ಎಲ್ಲರೂ ಮುಂದೆ ಹೋದಾಗ ಬೆಂಚಿನಲ್ಲೇ ಉಳಿದವರು ಯಾರು ಅಂತ ನಾನು ಸುಮ್ನೆ ನೋಡಿಕೊಂಡಿರುತ್ತೇನೆ.

ಹಾಗೆ ಉಳಿಯುತ್ತಿದ್ದ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಮೊತ್ತ, ಕಸುಬು ಎರಡನ್ನೂ ಬದಲಿಸಿದ್ದೇನೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು, ಸುತ್ತಲಿನ ಹೊಲಗಳೂ ಹೋದವು. ಜನ ನವನಗರಕ್ಕೆ ಬಂದರು. ಹೊಲ ಇದ್ದಾಗ ಒಂದಾಗಿದ್ದು, ಪರಿಹಾರದ ರೊಕ್ಕ ಬಂದ ಮೇಲೆ ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಈತ ಅಪ್ಪನ ಹೊಲದ ಪರಿಹಾರವನ್ನು ತಾನೊಬ್ಬನೇ ಇಟ್ಟುಕೊಂಡಿದ್ದ. ಗಂಡನನ್ನು ಕಳೆದುಕೊಂಡ ತಂಗಿ ಇದ್ದಳು. “ಇಲ್ಲೊಂದು ಸಹಿ ಹಾಕವ್ವಾ” ಅಂದಿದ್ದ. ಆಕೆ ಹಾಕಿದ್ದಳು. ಹೆಣ್ಣುಮಕ್ಕಳಿಗೆ ಪಾಲು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಅನ್ನೋದು ಈತನ ವಾದ. ಪದ್ಧತಿ ಇಲ್ಲದಿರಬಹುದು, ಕಾನೂನು ಇದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು.

ಈತ ನನ್ನ ಹತ್ತಿರ ಬಂದದ್ದು ತಂಗಿಯ ವಿಷಯಕ್ಕಲ್ಲ, ಮಗನ ಬಟ್ಟೆ ಅಂಗಡಿ ನಷ್ಟದಲ್ಲಿತ್ತು ಅಂತ.

“ಮಾಸ್ತರ, ದೇವರು ನನ್ನ ಬಡಿಯಾಕತ್ತಾನ್ರಿ.”

“ಯಾವ ತಪ್ಪಿಗೆ?”

“ನಾವೆಲ್ಲಾ ಪಾಪಿಗಳಲ್ರೀ.”

ಈ ಉತ್ತರ ನನಗೆ ಜಾಸ್ತಿ ಸಿಗುತ್ತದೆ. ಪ್ರತಿ ಭಾನುವಾರ ಎಲ್ಲರೂ ಒಟ್ಟಿಗೆ ಪಾಪದ ಅರಿಕೆ ಮಾಡುತ್ತೇವೆ. ಒಳ್ಳೆಯದೇ. ಆದರೆ ಇನ್ನೂರು ಜನರ ದನಿಯಲ್ಲಿ ನಮ್ಮ ದನಿ ಅಡಗಿಸುವುದು ಸುಲಭ, ಅಲ್ವಾ? ನಾನು ಒಂದು ಹಾಳೆ, ಪೆನ್ಸಿಲ್ ಮುಂದಿಟ್ಟೆ. ಹೆಸರು ಬರಿ, ಮಾಡಿದ್ದು ಬರಿ ಅಂದೆ. ಬಹಳ ಹೊತ್ತಾದ ಮೇಲೆ ತಂಗಿಯ ಹೆಸರು ಬರೆದ. ಪಕ್ಕದಲ್ಲಿ ಒಂದು ಲಕ್ಷ ಅಂತ ಬರೆದ. ಹೊಡೆದು ಹಾಕಿದ. ಒಂದೂವರೆ ಅಂತ ಬರೆದ. ಅದನ್ನೂ ಹೊಡೆದು ಕೊನೆಗೆ ಎರಡು ಲಕ್ಷ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟ. ನಾನು ಒಂದು ಮಾತೂ ಆಡಲಿಲ್ಲ.

ಆಮೇಲೆ ಬೈಬಲ್ಲಿನ ಅರಣ್ಯಕಾಂಡದ 5ನೇ ಅಧ್ಯಾಯ ತೆಗೆದೆ. ತಪ್ಪು ಒಪ್ಪಿಕೊಳ್ಳಬೇಕು, ಪೂರ್ತಿ ಹಿಂದಿರುಗಿಸಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ನಷ್ಟ ಆದವರಿಗೇ ಕೊಡಬೇಕು ಅಂತ ಅಲ್ಲಿದೆ. ಎರಡು ಲಕ್ಷಕ್ಕೆ ನಲವತ್ತು ಸಾವಿರ. ಆತನ ಮುಖ ಸಣ್ಣದಾಯಿತು. ಸುಂಕದವ ಜಕ್ಕಾಯ ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂತ ಯೇಸುವಿನ ಮುಂದೆ ಅಂದಿದ್ದ, ನಿನಗೆ ಕಡಿಮೆಯಲ್ಲೇ ಮುಗಿಯಿತು ಅಂದೆ. ನಗಲಿಲ್ಲ.

ಜಕ್ಕಾಯನ ಕಥೆಯಲ್ಲಿ ನಾನು ಒತ್ತಿ ಹೇಳುವುದು ಬೇರೆ. ಯೇಸು ಮೊದಲು ನಿನ್ನ ಮನೆಗೆ ಬರ್ತೀನಿ ಅಂದ. ರೊಕ್ಕದ ಮಾತು ಬಂದದ್ದು ಆಮೇಲೆ. ರೊಕ್ಕ ಕೊಟ್ಟಿದ್ದಕ್ಕೆ ಯೇಸು ಬಂದದ್ದಲ್ಲ. ಈ ಕ್ರಮ ತಪ್ಪಿದರೆ ಕ್ಷಮೆ ಅನ್ನೋದು ಸಂತೆಯ ವ್ಯಾಪಾರ ಆಗಿಬಿಡುತ್ತದೆ.

ಆತನ ಹೆಂಡತಿ ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. “ದೇವರು ಕ್ಷಮಿಸಿದ ಮ್ಯಾಲೆ ರೊಕ್ಕ ಯಾಕ್ರಿ ಕೊಡಬೇಕು?” ದೇವರು ಕ್ಷಮಿಸಿದರೂ ತಂಗಿಯ ರೊಕ್ಕ ನಿಮ್ಮ ಮನೆಯಲ್ಲೇ ಇದೆಯಲ್ಲವ್ವ ಅಂದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಅಂತ ಮತ್ತಾಯ 5ರಲ್ಲಿ ಯೇಸು ಹೇಳಿದ್ದು ಇಂಥದ್ದಕ್ಕೇ. ಆಕೆಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಬಂಗಾರ ಬ್ಯಾಂಕಿಗೆ ಹೋಗಬೇಕಾಗಿ ಬಂದರೆ ಯಾರಿಗೆ ತಾನೇ ಆಗುತ್ತದೆ?

ತಂಗಿಯ ಮನೆಗೆ ಹೋಗುವ ಮುಂಚೆ ನಾನು ಹೇಳಿಕೊಟ್ಟದ್ದು ಎರಡೇ. ‘ತಪ್ಪಾಗಿದ್ರ ಕ್ಷಮಿಸು’ ಅನ್ನಬೇಡ. ಆಗಿದ್ರೆ ಅನ್ನೋ ಮಾತೇ ಬೇಡ, ತಪ್ಪು ಆಗಿದೆ. ಇನ್ನೊಂದು, ರೊಕ್ಕ ಕೊಟ್ಟ ಕೈಯಲ್ಲೇ ‘ಕ್ಷಮಿಸೀನಿ ಅನ್ನು’ ಅಂತ ಕೇಳಬೇಡ. ಅದು ಆಕೆಗೆ ಬಿಟ್ಟದ್ದು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗಿನ ಮಾತು ಕೇಳಿಸುತ್ತಿತ್ತು. “ನಿನ್ನ ಪಾಲು ನಾ ತಿಂದೆ ತಂಗಿ” ಅಂದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆಕೆ ಕೇಳಿದಳು, “ಮಗಳ ಕಾಲೇಜ್ ಬಿಡಿಸಿದ್ನೆಲ್ಲಾ ಅಣ್ಣಾ, ಅದನ್ನ ಯಾವ ಲೆಕ್ಕದಾಗ ಹಿಡೀತಿ?”

ಇದಕ್ಕೆ ಐದನೇ ಪಾಲಿನಲ್ಲಿ ಉತ್ತರ ಇಲ್ಲ. ಆತನೂ ಕೊಡಲಿಲ್ಲ. ರೊಕ್ಕ ತಗೊಂಡಳು. ಚಹಾ ಕೊಡಲಿಲ್ಲ. ಮನೆಗೆ ಬಂದವರಿಗೆ ಚಹಾ ಕೇಳದೇ ಇರೋದು ನಮ್ಮ ಕಡೆ ಏನಂತ ಎಲ್ಲರಿಗೂ ಗೊತ್ತು.

ಸಭೆಯ ಇಬ್ಬರು ಹಿರಿಯರು ಆಕೆಗೆ ಬುದ್ಧಿ ಹೇಳಲು ಹೊರಟರು, ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಂತ. ನಾನು ಬಿಡಲಿಲ್ಲ. ಆ ಮಾತನ್ನು ಯೇಸು ಹೇಳಿದ್ದು ನಿಜ. ಆದರೆ ಮೋಸ ಮಾಡಿದವನ ಪರವಾಗಿ ನಾವು ಅದನ್ನು ಬಡಿಗೆ ಮಾಡಿಕೊಂಡು ಹೋಗುವುದು ಯಾವ ನ್ಯಾಯ? ಎಷ್ಟೋ ವರ್ಷ ಅನುಭವಿಸಿದವಳಿಗೆ ಎಂಟು ದಿನದಲ್ಲಿ ಮುಗಿಸು ಅನ್ನಲು ನಾವು ಯಾರು?

ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ಈಸ್ಟರ್ ಮುಂಚಿನ ಉಪವಾಸದ ದಿನಗಳು, ಮುಂದಿನ ಲೆಂತ ಕಾಲದ ಹೊತ್ತಿಗೆ ಅಂಗಡಿ ಮುಚ್ಚಿತು. ಆತ ಸಿಟ್ಟಿನಲ್ಲಿ ಬಂದ.

“ಕೊಟ್ಟೇನಲ್ರಿ ಮಾಸ್ತರ! ಮತ್ತ ಅಂಗಡಿ ಯಾಕ ನಡೀಲಿಲ್ಲ?”

ನಿಜ ಹೇಳಬೇಕೆಂದರೆ ಇಡೀ ವಿಷಯದಲ್ಲಿ ಕಷ್ಟದ ಜಾಗ ಇದೇ. ಜನರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತಿದೆ. ಕಷ್ಟ ಬಂತು ಅಂದರೆ ಶಿಕ್ಷೆ, ತಪ್ಪು ಸರಿ ಮಾಡಿದರೆ ಕಷ್ಟ ವಾಪಸ್ ಹೋಗಬೇಕು. ಬೈಬಲ್ಲಿನಲ್ಲಿ ಈ ಲೆಕ್ಕ ಹಿಡಿದವರು, ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಗೆಳೆಯರು. ದೇವರು ಕೊನೆಗೆ ಬೈದದ್ದು ಅವರನ್ನೇ. ನಾನು ಆತನಿಗೆ 2 ಸಮುವೇಲ 12 ಓದಿಸಿದೆ. ಊರೀಯನ ಹೆಂಡತಿಯನ್ನು ತಗೊಂಡು ಅವನನ್ನು ಕೊಲ್ಲಿಸಿದ ವಿಷಯದಲ್ಲಿ ರಾಜ ದಾವೀದ ತಪ್ಪು ಒಪ್ಪಿಕೊಂಡ ಕೂಡಲೇ ನಾತಾನ ಪ್ರವಾದಿ ಕ್ಷಮೆಯ ಮಾತು ಹೇಳುತ್ತಾನೆ. ಅದೇ ಉಸಿರಿನಲ್ಲಿ ಮುಂದೆ ಬರುವ ದುಃಖವನ್ನೂ ಹೇಳುತ್ತಾನೆ. ಕ್ಷಮೆ ಸಿಕ್ಕಿತು ಅಂತ ಎಲ್ಲ ಮೊದಲಿನಂತೆ ಆಗಲಿಲ್ಲ.

ಹಾಗಾದರೆ ಅಂಗಡಿ ಮುಚ್ಚಿದ್ದು ಶಿಕ್ಷೆಯಾ? ಹಾಗಂತ ನಾನು ಹೇಳಲಿಲ್ಲ. ನಾತಾನನಿಗೆ ದೇವರು ಹೇಳಿ ಕಳಿಸಿದ್ದ, ನನಗೆ ಯಾರೂ ಹೇಳಿ ಕಳಿಸಿಲ್ಲ. ಎದುರಿಗೇ ದೊಡ್ಡ ಅಂಗಡಿ ಬಂದಿತ್ತು, ಮಗ ಉದ್ರಿ ಜಾಸ್ತಿ ಕೊಟ್ಟಿದ್ದ. ಅದಕ್ಕೆ ದೇವರನ್ನು ಯಾಕೆ ಎಳೀತಿ ಅಂದೆ. ಆದರೆ ಒಂದು ವಿಷಯಕ್ಕೆ ಮಾತ್ರ ಬೆರಳಿಟ್ಟು ತೋರಿಸಿದೆ. ಎಷ್ಟು ವರ್ಷ ನೀನು ಆ ಬೆಂಚು ಬಿಟ್ಟು ಏಳಲಿಲ್ಲ? ಸುಮ್ಮನಿದ್ದಾಗ ಎಲುಬುಗಳೇ ಸವೆದವು, ಹಗಲು ರಾತ್ರಿ ನಿನ್ನ ಕೈ ನನ್ನ ಮೇಲೆ ಭಾರವಾಗಿತ್ತು ಅಂತ 32ನೇ ಕೀರ್ತನೆಯಲ್ಲಿ ದಾವೀದ ಹೇಳುತ್ತಾನಲ್ಲ, ನಿನ್ನನ್ನು ತಿದ್ದಿದ ಕೈ ಅದು. ಇಬ್ರಿಯ 12ರಲ್ಲಿ ಹೇಳಿದ್ದೂ ಇದೇ. ತಂದೆ ತಿದ್ದುವುದು ಮಗನನ್ನು, ಬೀದಿಯವನನ್ನಲ್ಲ. ಆ ಹೊತ್ತಿಗೆ ಅದು ದುಃಖವೇ, ಸಮಾಧಾನದ ಫಲ ಬರುವುದು ಆಮೇಲೆ. ಆತ ಒಪ್ಪಿದನೋ ಇಲ್ಲವೋ, ಮುಂದಿನ ಕರ್ತನ ಭೋಜನಕ್ಕೆ ಎದ್ದು ಹೋದ.

ಇನ್ನು ಉತ್ತರ ಸಿಗದವರ ಮಾತು. ಒಬ್ಬ ತಾಯಿ, ಮಗುವಿಗೆ ಮೂರ್ಛೆ ರೋಗ. ಯಾವುದೋ ಪ್ರಾರ್ಥನಾ ಕೂಟದಲ್ಲಿ ‘ಮನೆಯಲ್ಲಿ ಮುಚ್ಚಿಟ್ಟ ಪಾಪ ಇದೆ’ ಅಂದಿದ್ದರಂತೆ. ಅದನ್ನು ಹುಡುಕಿ ಹುಡುಕಿ ಆಕೆ ಊಟ, ನಿದ್ದೆ ಬಿಟ್ಟಿದ್ದಳು. ನಾನು ಹೆಂಡತಿಯನ್ನು ಕರೆದುಕೊಂಡು ಹೋದೆ. ಅದೇ ಎರಡು ಪ್ರಶ್ನೆ. ಆಕೆಗೆ ನೆನಪಾದದ್ದು ಸಣ್ಣವಳಿದ್ದಾಗ ಅತ್ತಿಯ ಮನೆಯಲ್ಲಿ ಬೆಲ್ಲ ಕದ್ದದ್ದು. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಯೋಹಾನ 9ರಲ್ಲಿ, ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ ಅಂತ ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂತಾನೆ ಯೇಸು. ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಾಗಿರಲಿಲ್ಲ ಅಂತ ಲೂಕ 13ರಲ್ಲಿದೆ. ಇಷ್ಟು ಓದಿ ನಿಲ್ಲಿಸಿದೆ. ಮಗುವಿನ ಮಾತ್ರೆ ಒಂದು ಹೊತ್ತೂ ತಪ್ಪಬಾರದು ಅಂತ ಹೇಳಿದ್ದು ನನ್ನ ಹೆಂಡತಿ. ತಾಯಿಯನ್ನೂ ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಹೆಸರಿಲ್ಲದ ಅಪರಾಧದ ಭಾರ ಎಷ್ಟೋ ಸಲ ಕಾಯಿಲೆಯೇ ಆಗಿರುತ್ತದೆ. ಅದಕ್ಕೆ ಉಪವಾಸ ಪ್ರಾರ್ಥನೆ ಹೇರಿದರೆ ಇನ್ನೂ ಜಾಸ್ತಿ ಆಗುತ್ತದೆ.

ಆ ಅಣ್ಣನಿಗೆ ಈಗ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವ ಆಸೆ. ಅದನ್ನೂ ತಂಗಿಯನ್ನೇ ಕೇಳಬೇಕು ಅಂದೆ. ಹೋಗಿ ಕೇಳಿದ. “ನನ್ನ ರೊಕ್ಕದ ಮಾತು ಊರ ಮುಂದ ಬ್ಯಾಡ” ಅಂದಳಂತೆ. ಹಾಗಾಗಿ ಸಾಕ್ಷಿ ಇಲ್ಲ. ನನ್ನ ಮೇಲೆ ಆತನಿಗೆ ಸ್ವಲ್ಪ ಮುನಿಸಿದೆ. ಆದರೆ ಆ ದಿನ ಆಕೆ ಚಹಾ ಮಾಡಿದ್ದಳು ಅಂತ ಆತನೇ ಹೇಳಿದ.