ಓಣಿಯೊಳಗೊಂದು ಪಿನ್‌ಬಾಲ್ ಮೇಳ: ಹಲಗೆ ಮಾಡುವುದು, ದಿನ ನಡೆಸುವುದು

ಪಿನ್‌ಬಾಲ್ ಅಂದರೆ ಓರೆ ಹಲಗೆಯ ಮೇಲೆ ಗುಂಡನ್ನು ಮೇಲಕ್ಕೆ ಹಾರಿಸಿ, ಅದು ಮೊಳೆಗಳಿಗೆ ಬಡಿಯುತ್ತ ಇಳಿದಾಗ ಬುಡದ ಎರಡು ಫ್ಲಿಪ್ಪರಿನಿಂದ, ಅಂದರೆ ತಿರುಗುವ ತೋಳುಗಳಿಂದ, ಮತ್ತೆ ಮೇಲಕ್ಕೆ ಹೊಡೆಯುವ ಆಟ. ಇದರ ಹಲಗೆ ಮಾಡಲು ಕೂತವರು ಮೊದಲು ಕೈ ಹಾಕುವುದು ಬಣ್ಣಕ್ಕೆ. ಹಲಗೆ ತುಂಬ ರಾಕೆಟ್ಟು, ನಕ್ಷತ್ರ, ಕ್ರಿಕೆಟ್ ಆಟಗಾರರ ಚಿತ್ರ. ಕೆಳಗೆ ನೋಡಿದರೆ ಎರಡು ಕಟ್ಟಿಗೆ ಚೂರು ಬಿಗಿದು ನಿಂತಿರುತ್ತವೆ, ಗುಂಡು ಅವುಗಳ ನಡುವಿನ ಸಂದಿಯಲ್ಲಿ ನೆಟ್ಟಗೆ ಇಳಿದು ಹೋಗುತ್ತದೆ. ರಜೆ ಬಂತೆಂದರೆ ಯಾರಾದರೂ ಇಂಥದೊಂದು ಹಲಗೆ ಹೊತ್ತು ತಂದು, 'ಯಾಕ ಆಡವಲ್ದು ನೋಡ್ರಿ' ಅನ್ನುತ್ತಾರೆ. ನೋಡುವುದೇನಿದೆ? ಮೂರು ದಿನ ಬಣ್ಣಕ್ಕೆ, ಅರ್ಧ ಗಂಟೆ ಫ್ಲಿಪ್ಪರಿಗೆ. ಲೆಕ್ಕ ತಲೆಕೆಳಗಾಗಬೇಕು.

ಮಾಡಬೇಕಾದ್ದು ಇಷ್ಟು. ನಾಲ್ಕೈದು ಮನೆಯವರು ಸೇರಿ ಮನೆಗೊಂದು ಹಲಗೆ ಮಾಡುವುದು, ಒಂದು ಭಾನುವಾರ ಎಲ್ಲವನ್ನೂ ಒಂದೇ ಪಡಸಾಲೆಯಲ್ಲಿ ಸಾಲಾಗಿಟ್ಟು ಆಡುವುದು. ಅಮೆರಿಕದ ಶಿಕಾಗೋದಲ್ಲಿ 1985ರಿಂದ ಪಿನ್‌ಬಾಲ್ ಎಕ್ಸ್‌ಪೋ ಎಂಬ ಮೇಳ ಇದೆ. ಇಂಥ ಮೇಳಗಳಲ್ಲಿ ಸಾಮಾನ್ಯವಾಗಿ ಬಾಗಿಲಲ್ಲಿ ಒಮ್ಮೆ ಟಿಕೆಟ್ ತೆಗೆಸಿದರೆ ಮುಗಿಯಿತು, ಒಳಗಿನ ಯಂತ್ರಗಳಿಗೆ ನಾಣ್ಯ ಹಾಕಬೇಕಿಲ್ಲ. ಅಸಲಿ ಯಂತ್ರವೊಂದನ್ನು ಕಲಬುರಗಿಗೆ ತರಿಸುವುದು ಲಕ್ಷಗಳ ಮಾತು. ಪ್ಲೈವುಡ್, ಮೊಳೆ, ಹಳೆ ಸೈಕಲ್ ಟ್ಯೂಬು ಎಲ್ಲರ ಕೈಗೂ ಎಟುಕುತ್ತವೆ.

1. ಮೊದಲು ಗುಂಡು

ಗುಂಡು ಕೈಗೆ ಬರುವ ತನಕ ಹಲಗೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಉಳಿದೆಲ್ಲ ಅಳತೆಯೂ ಅದರ ಅಗಲದ ಮೇಲೆ ನಿಂತಿದೆ. ಅಸಲಿ ಯಂತ್ರದ ಉಕ್ಕಿನ ಗುಂಡು 27 ಮಿ.ಮೀ. ಅಗಲ, ಸುಮಾರು 80 ಗ್ರಾಂ ತೂಕ. ನಮಗೆ ಅಷ್ಟು ದೊಡ್ಡದು ಬೇಡ, 16 ಮಿ.ಮೀ. ಆಸುಪಾಸಿನದು ಸಾಕು. ಹುಮನಾಬಾದ್ ರಿಂಗ್ ರೋಡ್ ಕಡೆಯ ಲಾರಿ ಗ್ಯಾರೇಜುಗಳಲ್ಲಿ ಒಡೆದ ಬೇರಿಂಗ್ ಕೇಳಿ, ಗುಂಡುಗಳು ಅದರೊಳಗಿರುತ್ತವೆ. ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ತೊಳೆದು ಒರೆಸಿದರೆ ಹೊಸದರಂತೆ ಹೊಳೆಯುತ್ತವೆ. ಸೈಕಲ್ ಅಂಗಡಿಯ ಛರ್ರೆ, ಅಂದರೆ ಸೈಕಲ್ ಬೇರಿಂಗಿನ ಗುಂಡು, ತೀರಾ ಸಣ್ಣವು. ಗಾಜಿನ ಗೋಲಿಯೂ ನಡೆಯುತ್ತದೆ, ಆದರೆ ಪೊಟ್ಟಣದಲ್ಲಿ ಬರುವ ಅಗ್ಗದ ಗೋಲಿಗಳಲ್ಲಿ ಅರ್ಧಕ್ಕರ್ಧ ದುಂಡಗಿರುವುದಿಲ್ಲ. ಕನ್ನಡಿಯ ಮೇಲೆ ಉರುಳಿಸಿ ನೋಡಿ, ಕುಂಟುತ್ತಾ ಹೋದದ್ದನ್ನು ಪಕ್ಕಕ್ಕಿಡಿ.

2. ಹಲಗೆ ಮತ್ತು ಇಳಿಜಾರು

90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 12 ಮಿ.ಮೀ. ದಪ್ಪದ ಪ್ಲೈವುಡ್. ಸುತ್ತ 5 ಸೆಂ.ಮೀ. ಎತ್ತರದ ಕಟ್ಟಿಗೆ ಪಟ್ಟಿ. ಬಡಿಗ್ಯಾರರ ಹತ್ತಿರ ಮಿಕ್ಕಿದ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು.

ಅಸಲಿ ಯಂತ್ರದ ಇಳಿಜಾರು ಸಾಮಾನ್ಯವಾಗಿ 6.5 ಡಿಗ್ರಿ. ನಮ್ಮ ಹಲಗೆಗೆ ಆ ಲೆಕ್ಕ ಹಿಡಿದರೆ ಹಿಂಬದಿ 10 ಸೆಂ.ಮೀ. ಏಳಬೇಕು. ಆದರೆ ಅಲ್ಲಿ ಫ್ಲಿಪ್ಪರ್ ಎತ್ತುವುದು ವಿದ್ಯುತ್ತು, ಇಲ್ಲಿ ಮಕ್ಕಳ ಬೆರಳು. 7 ಸೆಂ.ಮೀ.ನಿಂದ ಶುರು ಮಾಡಿ, ಕೈ ಪಳಗಿದ ಮೇಲೆ ಏರಿಸಿ.

ಎಡಬಲದ ಸಮ ಇದಕ್ಕಿಂತ ಮುಖ್ಯ. ನಮ್ಮ ಹಳೆ ಮನೆಗಳಲ್ಲಿ ಶಹಾಬಾದ್ ಫರಸಿ ಹಾಸುವಾಗಲೇ ನೀರು ಬಚ್ಚಲ ಕಡೆ ಹರಿಯಲೆಂದು ಓಟ ಕೊಟ್ಟಿರುತ್ತಾರೆ. ನೆಲ ನಂಬಿ ಹಲಗೆ ಇಟ್ಟರೆ ಗುಂಡು ಸದಾ ಒಂದೇ ಮಗ್ಗುಲಿಗೆ ವಾಲುತ್ತದೆ. ಮೊಳೆ ಹೊಡೆಯುವ ಮೊದಲೇ ಬೋಳು ಹಲಗೆಯ ನೆತ್ತಿಯ ನಡುವೆ ಗುಂಡಿಟ್ಟು ಬಿಡಿ. ಹತ್ತು ಸಲ ಬಿಟ್ಟರೆ ಹತ್ತೂ ಸಲ ಒಂದೇ ಕಡೆ ಹೋಯಿತೇ? ಆ ಬದಿಯ ಅಂಚಿನ ಕೆಳಗೆ ರಟ್ಟು ಮಡಚಿ ಇಡಿ. ಆಗಲೂ ಸುಧಾರಿಸದಿದ್ದರೆ ಪ್ಲೈವುಡ್ಡೇ ಸೊಟ್ಟ, ಬದಲಿಸಿ. ಅಂದಹಾಗೆ, ಬಣ್ಣ ಒಣಗಲೆಂದು ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಹಲಗೆ ಇಟ್ಟವರ ಹಲಗೆಗಳೇ ಹೆಚ್ಚಾಗಿ ಸೊಟ್ಟಗಾಗುವುದು.

3. ಮೊಳೆ

ಒಂದಿಂಚಿನ ತೆಳು ಮೊಳೆ, ತಲೆ ಸಣ್ಣದಿರಲಿ. 10 ಮಿ.ಮೀ. ಒಳಗೆ, 15 ಮಿ.ಮೀ. ಹೊರಗೆ. ಎಲ್ಲವೂ ಒಂದೇ ಎತ್ತರಕ್ಕೆ ನಿಲ್ಲಬೇಕೆಂದರೆ 15 ಮಿ.ಮೀ. ದಪ್ಪದ ಕಟ್ಟಿಗೆ ಚೂರನ್ನು ಪಕ್ಕಕ್ಕೆ ಹಿಡಿದು, ಅದರ ಮಟ್ಟಕ್ಕೆ ಬರುವ ತನಕ ಹೊಡೆಯಿರಿ.

ಎರಡು ಮೊಳೆಗಳ ನಡುವೆ ಗುಂಡು ದಾಟಬೇಕೆಂದರೆ ಸಂದಿ 24 ಮಿ.ಮೀ.ಗಿಂತ ಹೆಚ್ಚಿರಲಿ. ದಾಟಬಾರದೆಂದರೆ 12ಕ್ಕಿಂತ ಕಡಿಮೆ ಇರಲಿ. ಇವೆರಡರ ನಡುವಿನ ಅಳತೆ ಜಗಳದ ಮೂಲ, ಗುಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬೇಲಿಯಂತೆ ಮೊಳೆ ಸಾಲು ಹೊಡೆಯುವಾಗ ಅಡ್ಡಕ್ಕೆ ನೆಟ್ಟಗೆ ಹೊಡೆಯಬೇಡಿ, ಓರೆಯಾಗಿ ಹೊಡೆಯಿರಿ. ಅಡ್ಡ ಸಾಲಿನಲ್ಲಿ ಪಕ್ಕಪಕ್ಕದ ಎರಡು ಮೊಳೆಗಳ ಮೇಲೆ ಗುಂಡು ಆರಾಮಾಗಿ ಕೂತುಬಿಟ್ಟರೆ ಹಲಗೆ ಅಲುಗಾಡಿಸದೆ ಅದು ಇಳಿಯುವುದಿಲ್ಲ. ಅಂಕದ ಬಟ್ಟಲುಗಳಿಗೆ ಮಾತ್ರ ಅರ್ಧ ಚಂದ್ರಾಕಾರದಲ್ಲಿ, ಬಾಯಿ ಮೇಲಾಗಿ ಮೊಳೆ ಹೊಡೆದು ಗುಂಡು ನಿಲ್ಲುವಂತೆ ಮಾಡಿ.

4. ಪ್ಲಂಜರ್

ಬಲಗಡೆ ಪಟ್ಟಿಯ ಪಕ್ಕ 20 ಮಿ.ಮೀ. ಅಗಲದ ಓಣಿ ಬಿಡಿ. ಅದರ ಬುಡದಲ್ಲಿ ಬೆರಳು ಗಾತ್ರದ ಕೋಲು, ಕೋಲಿಗೆ ರಬ್ಬರ್. ಎಳೆದು ಬಿಟ್ಟರೆ ಗುಂಡು ಮೇಲೆ ಹಾರುತ್ತದೆ. ಮಾಂಟೇಗ್ ರೆಡ್‌ಗ್ರೇವ್ ಎಂಬಾತ ಅಮೆರಿಕದಲ್ಲಿ 1871ರಲ್ಲಿ ಪೇಟೆಂಟ್ ಪಡೆದ ಸುಧಾರಣೆಗಳಲ್ಲಿ ಈ ಸ್ಪ್ರಿಂಗಿನ ಪ್ಲಂಜರ್ ಮುಖ್ಯವಾದದ್ದು. ಅದಕ್ಕೂ ಮೊದಲು ಬ್ಯಾಗಟೆಲ್ ಎಂಬ ಆಟದಲ್ಲಿ ಗುಂಡನ್ನು ಕೋಲಿನಿಂದ ತಿವಿದು ಕಳಿಸುತ್ತಿದ್ದರು.

ಪೆನ್ನಿನ ಸ್ಪ್ರಿಂಗ್ ಹಾಕುವವರಿದ್ದಾರೆ, ಅದಕ್ಕೆ ಅಷ್ಟು ತ್ರಾಣವಿಲ್ಲ. ಅಂಗಡಿಯ ಹಳದಿ ರಬ್ಬರ್ ಬ್ಯಾಂಡ್ ನಮ್ಮ ಬೇಸಿಗೆಗೆ ಜಿಗುಟಾಗಿ ಹರಿಯುತ್ತದೆ. ಸೈಕಲ್ ಟ್ಯೂಬನ್ನು ಅಡ್ಡಕ್ಕೆ ಬಳೆಬಳೆಯಾಗಿ ಕತ್ತರಿಸಿಕೊಳ್ಳಿ, ಬೇರೇನೂ ಬೇಡ. ನೆತ್ತಿಯ ಮೂಲೆಯಲ್ಲಿ ಗುಂಡು ಎಡಕ್ಕೆ ಹೊರಳಲು ಸನ್‌ಮೈಕಾ ಪಟ್ಟಿಯೊಂದನ್ನು ಬಿಲ್ಲಿನಂತೆ ಬಗ್ಗಿಸಿ ಕೂರಿಸಿ. ಓಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಸಣ್ಣ ಕದ ಇದ್ದರೆ ಗುಂಡು ತಿರುಗಿ ಒಳಗೆ ಬರುವುದಿಲ್ಲ.

5. ಫ್ಲಿಪ್ಪರ್: ಇಲ್ಲಿ ಅವಸರ ಬೇಡ

1931ರಲ್ಲಿ ಡೇವಿಡ್ ಗಾಟ್ಲೀಬ್ ಹೊರತಂದ ಬ್ಯಾಫಲ್ ಬಾಲ್ ಹೆಸರಿನ ಯಂತ್ರ ಐವತ್ತು ಸಾವಿರಕ್ಕೂ ಹೆಚ್ಚು ಮಾರಾಟವಾಯಿತು, ಅದರಲ್ಲಿ ಫ್ಲಿಪ್ಪರೇ ಇರಲಿಲ್ಲ. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಅದೇ ಕಂಪನಿಯ ಹಂಪ್ಟಿ ಡಂಪ್ಟಿಯಲ್ಲಿ. ಬದಿಗಳಲ್ಲಿ ಒಟ್ಟು ಆರು. ಮರುವರ್ಷ ಸ್ಟೀವ್ ಕೋರ್ಡೆಕ್ ಎಂಬ ವಿನ್ಯಾಸಕ ಆರರ ಬದಲು ಎರಡೇ ಸಾಕೆಂದು ಕೆಳಗೆ ಕೂರಿಸಿದರು. ಐದಾರು ವರ್ಷದ ಮಕ್ಕಳಿಗೆ ಫ್ಲಿಪ್ಪರ್ ಇಲ್ಲದ ಹಲಗೆಯೇ ಸಾಕು, ಈ ಹಂತ ಬಿಟ್ಟು ಮುಂದೆ ಹೋಗಿ. ದೊಡ್ಡವರಿಗಾದರೆ ಒಂದಿಡೀ ದಿನ ಇದಕ್ಕೇ ಇಡಿ.

ಪ್ಲೈವುಡ್ಡಿನಲ್ಲಿ ಕುಡುಗೋಲಿನ ಹಾಗೆ ನಡುವೆ ಬಾಗಿದ ತುಂಡು ಕತ್ತರಿಸಿ. ತಿರುಗುವ ತೂತಿನಿಂದ ಮುಂದಕ್ಕೆ 7 ಸೆಂ.ಮೀ., ಅದು ಗುಂಡು ಹೊಡೆಯುವ ತೋಳು. ತೂತಿನಿಂದ ಹಿಂದಕ್ಕೆ 2.5 ಸೆಂ.ಮೀ., ಅದು ಬಾಲ. ತೋಳು ಕೆಳಗೆ ವಾಲಿ ನಿಂತಾಗ ಬಾಲ ಅಡ್ಡಕ್ಕೆ, ಪಕ್ಕದ ಪಟ್ಟಿಯ ಕಡೆ ಮುಖ ಮಾಡಿರಬೇಕು. ಎರಡೂ ಒಂದೇ ಗೆರೆಯಲ್ಲಿದ್ದರೆ, ಬದಿಯಿಂದ ತೋಳಿನತ್ತ ಗುಂಡು ಇಳಿಸುವ ಓರೆ ಪಟ್ಟಿಗೆ ಬಾಲ ತಾಗುತ್ತದೆ. ಬಹಳ ಮಂದಿ ಸೋಲುವುದು ಇಲ್ಲಿ, ಆಮೇಲೆ ದೂರುವುದು ರಬ್ಬರನ್ನು.

ಎರಡು ತೂತುಗಳ ನಡುವಿನ ದೂರ 14.5 ಸೆಂ.ಮೀ. ತೋಳುಗಳು 30 ಡಿಗ್ರಿ ಕೆಳಗೆ ವಾಲಿದಾಗ ತುದಿಗಳ ನಡುವೆ 24 ಮಿ.ಮೀ. ಉಳಿಯುತ್ತದೆ, ಅಂದರೆ ಗುಂಡಿನ ಒಂದೂವರೆ ಪಟ್ಟು. ಇದಕ್ಕಿಂತ ಕಿರಿದಾದರೆ ಗುಂಡು ಕೆಳಗೆ ಬೀಳುವುದೇ ಇಲ್ಲ, ಅಗಲವಾದರೆ ನಿಲ್ಲುವುದೇ ಇಲ್ಲ.

ತೂತಿಗೆ 4 ಮಿ.ಮೀ. ಬೋಲ್ಟು. ತೂತನ್ನು 4.5 ಮಿ.ಮೀ. ಕೊರೆಯಿರಿ, 5 ಬೇಡ. ಸಡಿಲಾದರೆ ತೋಳು ಹೊಡೆಯುವ ಬದಲು ಹಲ್ಲಾಡುತ್ತದೆ. ತೋಳಿನ ಕೆಳಗೊಂದು ವಾಷರ್, ಮೇಲೊಂದು ವಾಷರ್. ನಟ್ಟನ್ನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಎರಡನೇ ನಟ್ಟು ಹಾಕಿ ಅದುಮಿ. ಬೆರಳಿನಿಂದ ಊದುಬತ್ತಿ ತಳ್ಳುವಷ್ಟು ಬಲಕ್ಕೇ ತೋಳು ತಿರುಗಬೇಕು. ತಿರುಗದಿದ್ದರೆ ಎಣ್ಣೆ ಬಿಡಬೇಡಿ. ಧೂಳು ಹಿಡಿದು ಎರಡೇ ದಿನಕ್ಕೆ ಮೇಣವಾಗುತ್ತದೆ. ಪೆನ್ಸಿಲ್ಲಿನ ಸೀಸ ಪುಡಿ ಮಾಡಿ ಉದುರಿಸಿ.

ಬಾಲದ ತುದಿಗೆ ದಾರ ಕಟ್ಟಿ, ಅದನ್ನು ನೆಟ್ಟಗೆ ಆಡುವವರ ಕಡೆಗೆ, ಮುಂದಿನ ಪಟ್ಟಿಯ ತೂತಿನಿಂದ ಹೊರತೆಗೆದು ಬೆರಳಿಗೆ ಉಂಗುರ ಮಾಡಿ. ದಾರ ಸುಮಾರು 2 ಸೆಂ.ಮೀ. ಎಳೆದರೆ ತೋಳಿನ ತುದಿ ಅದರ ಮೂರು ಪಟ್ಟು ದೂರ ಸರಿಯುತ್ತದೆ, ಹೊಡೆತಕ್ಕೆ ಬಲ ಬರುವುದು ಅಲ್ಲಿಂದಲೇ. ನೈಲಾನ್ ದಾರ ಹಿಗ್ಗುತ್ತದೆ. ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊಲಿಯುವ ದಾರ ಸಿಗುತ್ತದೆ, ನನ್ನ ಮಟ್ಟಿಗೆ ಅದನ್ನು ಮೀರಿಸಿದ್ದಿಲ್ಲ. ಬಾಲವನ್ನು ವಾಪಸ್ ಎಳೆಯಲು ಟ್ಯೂಬಿನ ತೆಳು ಬಳೆ ಸಾಕು. ದಪ್ಪ ಬಳೆ ಹಾಕಿದರೆ ಮಕ್ಕಳ ಬೆರಳು ನೋಯುತ್ತದೆ, ಹೊಡೆತವೂ ಮಂದವಾಗುತ್ತದೆ.

ತಡೆ ಮೊಳೆ ಎರಡು ಬೇಕೇ ಬೇಕು, ತೋಳು ಕೆಳಗೆ ನಿಲ್ಲುವಲ್ಲಿ ಒಂದು, ಮೇಲೆ ನಿಲ್ಲುವಲ್ಲಿ ಒಂದು. ಮೇಲಿನದನ್ನು ಬಾಲದ ಬದಿಗೆ ಹೊಡೆಯಿರಿ, ಆಟದ ದಾರಿಯಲ್ಲಿ ಅಲ್ಲ. ಕೊನೆಯದಾಗಿ, ಬದಿಯಿಂದ ಇಳಿದು ಬರುವ ಓರೆ ಪಟ್ಟಿ ತೋಳಿಗೆ ಸೇರುವ ಜಾಗವನ್ನು ಬೆರಳಲ್ಲಿ ಸವರಿ ನೋಡಿ. ತೋಳಿನ ಅಂಚು ಪಟ್ಟಿಗಿಂತ ಒಂದು ಮಿ.ಮೀ. ಕೆಳಗಿದ್ದರೆ ಗುಂಡು ಜಾರಿ ಬರುತ್ತದೆ. ಕೂದಲೆಳೆಯಷ್ಟು ಮೇಲಿದ್ದರೂ ಎಡವಿ, ಎಗರಿ, ಸಂದಿಗೆ ಬೀಳುತ್ತದೆ. ತೋಳಿನ ಸುತ್ತ ಟ್ಯೂಬಿನ ಬಳೆ ಏರಿಸಿದರೆ ಮುಗಿಯಿತು.

ಆನ್‌ಲೈನಿನಲ್ಲಿ ಸಿಗುವ ರಟ್ಟಿನ ಕಿಟ್ಟುಗಳ ಬಗ್ಗೆ ಕೇಳುವವರಿದ್ದಾರೆ. ಜೋಡಿಸುವುದು ಸುಲಭ, ಆದರೆ ತಿರುಗುವ ತೂತು ರಟ್ಟಿನಲ್ಲೇ ಇರುತ್ತದೆ. ಒಂದು ಮಧ್ಯಾಹ್ನ ಆಡಿದರೆ ತೂತು ಹರಿಯುತ್ತದೆ. ದುಡ್ಡು ದಂಡ.

6. ಸದ್ದು ಮತ್ತು ಅಂಕ

ಸೈಕಲ್ ಬೆಲ್ಲಿನ ಬಟ್ಟಲು, ಎತ್ತಿನ ಗೆಜ್ಜೆ, ಯಾವುದಾದರೂ ಸರಿ. ಒಂದು ಠಣ್ಣಿಗೆ 10 ಅಂಕ. ಮೊಳೆ ಬಟ್ಟಲಿಗೆ ಬಿದ್ದರೆ 100, ಆ ಗುಂಡು ಅಲ್ಲಿಗೆ ಮುಗಿಯಿತು. ಬಣ್ಣ ಬೇಕೆಂದರೆ ಈಗ ಹಚ್ಚಿ, ನೆರಳಲ್ಲಿ ಒಣಗಿಸಿ.

7. ಮೇಳದ ದಿನ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ನೀವೂ ಅದೇ ವೇಳೆ ಹಿಡಿಯಿರಿ. ಮಧ್ಯಾಹ್ನದ ಮೇಲೆ ಕರೆಂಟು ಹೋದರೆ ಪಡಸಾಲೆಯಲ್ಲಿ ಯಾರೂ ನಿಲ್ಲುವುದಿಲ್ಲ. ಹಲಗೆಗಳನ್ನು ಕಿಟಕಿಗೆ ಎದುರಾಗಿ ಇಡಬೇಡಿ, ಉಕ್ಕಿನ ಗುಂಡಿನ ಮೇಲೆ ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತದೆ. ಮಿರ್ಚಿ ಬಜಿ, ಸುಸಲಾ ಅಂಗಳದಲ್ಲಿರಲಿ. ಎಣ್ಣೆ ಕೈ ಹಲಗೆ ಮುಟ್ಟಿದರೆ ಆ ಹಲಗೆಯ ಕಥೆ ಮುಗಿಯಿತು, ಈ ವಿಷಯದಲ್ಲಿ ನಾನು ಅಜ್ಜಿಯರಿಗೂ ರಿಯಾಯಿತಿ ಕೊಡುವುದಿಲ್ಲ.

ಮೊದಲ ಒಂದು ಗಂಟೆ ಲೆಕ್ಕವಿಲ್ಲದ ಆಟ. ಆಗಲೇ ಹೊಸಬರಿಗೆ ಎರಡು ಮಾತು ಹೇಳಿಕೊಡಿ. ಎರಡೂ ದಾರ ಒಟ್ಟಿಗೆ ಎಳೆಯಬಾರದು. ಬಂದ ಗುಂಡನ್ನೆಲ್ಲ ಹೊಡೆಯಬಾರದು. ತೋಳು ಎತ್ತಿ ಹಿಡಿದರೆ ಗುಂಡು ಬುಡದಲ್ಲಿ ಬಂದು ನಿಲ್ಲುತ್ತದೆ, ಆಮೇಲೆ ತೋಳು ಇಳಿಸಿ, ಉರುಳಲು ಬಿಟ್ಟು ಹೊಡೆಯಬೇಕು. ಬುಡದ ಹತ್ತಿರ ಹೊಡೆದರೆ ಗುಂಡು ಅದೇ ಬದಿಗೆ ಏರುತ್ತದೆ, ತುದಿಗೆ ಬಂದಾಗ ಹೊಡೆದರೆ ಎದುರು ಬದಿಗೆ.

ಹಲಗೆ ಅಲುಗಾಡಿಸುವವರು ಇದ್ದೇ ಇರುತ್ತಾರೆ. 1930ರ ದಶಕದಲ್ಲಿ ಇವರಿಗೆಂದೇ ಹ್ಯಾರಿ ವಿಲಿಯಮ್ಸ್ ಎಂಬ ವಿನ್ಯಾಸಕ ಟಿಲ್ಟ್ ವ್ಯವಸ್ಥೆ ತಂದರು. ಅದರ ಮೊದಲ ರೂಪದಲ್ಲಿ ಪುಟ್ಟ ಪೀಠದ ಮೇಲೆ ಗುಂಡೊಂದು ಕೂತಿರುತ್ತಿತ್ತು, ಯಂತ್ರ ಕುಲುಕಿದರೆ ಬೀಳುತ್ತಿತ್ತು. ಹಲಗೆಯ ಹಿಂಬದಿಯಲ್ಲಿ ಸೋಡಾ ಮುಚ್ಚಳವನ್ನು ಬೋರಲು ಅಂಟಿಸಿ ಮೇಲೊಂದು ಗೋಲಿ ಇಡಿ. ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ಗುಳಿ ಮಾಡಿದರೆ ಗೋಲಿ ನಿಲ್ಲುತ್ತದೆ. ಬಿತ್ತೋ, ಆ ಸರದಿ ರದ್ದು. ಮೆಲ್ಲಗೆ ತಟ್ಟುವುದು ಮಾತ್ರ ಆಟದ ಭಾಗವೇ, ಅದಕ್ಕೆ ತಕರಾರು ಬೇಡ.

ಸ್ಪರ್ಧೆಗೆ ನಾಲ್ಕು ಜನರ ಗುಂಪು, ಹಲಗೆಗೆ ಮೂರು ಗುಂಡು. ಎಲ್ಲ ಹಲಗೆಗಳ ಅಂಕ ಕೂಡಿಸಿ ಗೆದ್ದವರನ್ನು ಹೇಳಬೇಡಿ. ಒಂದು ಹಲಗೆ ಸಾವಿರ ಕೊಡುತ್ತದೆ, ಇನ್ನೊಂದು ಎಂಬತ್ತಕ್ಕೇ ತಿಣುಕುತ್ತದೆ. ಪ್ರತಿ ಹಲಗೆಯಲ್ಲಿ ಮೊದಲ ಸ್ಥಾನಕ್ಕೆ 4, ಎರಡನೆಯದಕ್ಕೆ 2, ಮೂರನೆಯದಕ್ಕೆ 1, ಕೊನೆಗೆ ಸೊನ್ನೆ ಕೊಟ್ಟು ಅದನ್ನು ಕೂಡಿಸಿ. ಪಿನ್‌ಬಾಲ್ ಟೂರ್ನಿಗಳಲ್ಲೂ ಈ ಪದ್ಧತಿ ಉಂಟು.

ಹಿರಿಯರು ಯಾರಾದರೂ ಬಂದು 'ಇದು ಜೂಜಲ್ಲೇನ್ರಿ' ಎಂದು ಕೇಳಿಯೇ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ನ್ಯೂಯಾರ್ಕ್ ನಗರದಲ್ಲಿ ಇದೇ ಕಾರಣಕ್ಕೆ 1942ರಲ್ಲಿ ಮೇಯರ್ ಲಾ ಗಾರ್ಡಿಯಾ ಕಾಲದಲ್ಲಿ ಪಿನ್‌ಬಾಲ್ ನಿಷೇಧವಾಗಿ, ಜಪ್ತಿ ಮಾಡಿದ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದರು. 1976ರಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯವರ ಎದುರು, ಗುಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿ ಅಲ್ಲಿಗೇ ಕಳಿಸಿ ತೋರಿಸಿದ ಮೇಲೆ ನಿಷೇಧ ತೆರವಾಯಿತು. ನೀವು ದುಡ್ಡಿನ ಪಂದ್ಯ ಇಡಬೇಡಿ, ಪ್ರವೇಶ ಶುಲ್ಕವೂ ಬೇಡ. ಕೇಳಿದವರ ಬೆರಳಿಗೆ ಉಂಗುರ ಸಿಕ್ಕಿಸಿ ಒಂದು ಗುಂಡು ಆಡಿಸಿ.

1.30ಕ್ಕೆ ಆಟ ನಿಲ್ಲಿಸಿ. ಟ್ಯೂಬಿನ ಬಳೆಗಳನ್ನೆಲ್ಲ ಬಿಚ್ಚಿ ಡಬ್ಬಿಯಲ್ಲಿ ಹಾಕಿಡಿ, ಎಳೆದ ಸ್ಥಿತಿಯಲ್ಲೇ ಬಿಟ್ಟರೆ ಮುಂದಿನ ರಜೆಗೆ ಸತ್ತಿರುತ್ತವೆ. ಗುಂಡುಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ. ಹಲಗೆಯನ್ನು ಗೋಡೆಗೆ ಓರೆಯಾಗಿ ಒರಗಿಸಬೇಡಿ, ಮಂಚದ ಕೆಳಗೆ ಚಪ್ಪಟೆಯಾಗಿ, ಮೊಳೆ ಮೇಲಾಗಿ ಇಟ್ಟು ಹಳೆ ಕೌದಿ ಮುಚ್ಚಿ.