ಪದ್ಯ ಮುಗಿದ ಮೇಲಿನ ಮಾತು

ನನಗೆ ಉಗ್ಗು ಇದೆ. ನಾನು ಗಮಕ ಹಾಡುತ್ತೇನೆ, ಅಂದರೆ ಕಾವ್ಯದ ಪದ್ಯಗಳನ್ನು ರಾಗವಾಗಿ ಓದುತ್ತೇನೆ. ಈ ಎರಡನ್ನೂ ಒಟ್ಟಿಗೆ ಹೇಳಿದ ಕೂಡಲೇ ಜನ ಕೇಳುವುದು ಒಂದೇ: ‘ಹಾಡುವಾಗ ಉಗ್ಗು ಬರಲ್ವಾ?’ ಬರುವುದಿಲ್ಲ. ಕಷ್ಟ ಶುರುವಾಗುವುದು ಪದ್ಯ ಮುಗಿಸಿ ಅದರ ಅರ್ಥ ಹೇಳಲು ಬಾಯಿ ತೆರೆದಾಗ.

ಉಗ್ಗು ಇರುವ ಬಹುತೇಕರು ಹಾಡುವಾಗ ತಡವರಿಸುವುದಿಲ್ಲ. ನಾಲ್ಕು ಜನರ ಜೊತೆ ದನಿ ಸೇರಿಸಿ ಓದುವಾಗಲೂ ಹಾಗೇ. ಶಾಲೆಯ ಪ್ರಾರ್ಥನೆಯಲ್ಲಿ ನನ್ನ ದನಿ ಸಲೀಸಾಗಿ ಹೋಗುತ್ತಿತ್ತು. ಅದೇ ಬೆಳಿಗ್ಗೆ ಹಾಜರಿ ಕರೆದಾಗ ‘ಪ್ರೆಸೆಂಟ್’ ಅನ್ನಲು ಆಗುತ್ತಿರಲಿಲ್ಲ. ಇದೆಲ್ಲ ತಾಳದ ಮಹಿಮೆ ಅಂತ ಹಲವರು ಹೇಳುತ್ತಾರೆ. ತಾಳದಿಂದ ಸಹಾಯ ಆಗುವುದು ನಿಜ. ಆದರೆ ಗಮಕಕ್ಕೆ ತಾಳವೇ ಇಲ್ಲ, ರಾಗ ಮತ್ತು ಛಂದಸ್ಸಿನ ನಡೆ ಮಾತ್ರ. ನಾನು ಕಂಡುಕೊಂಡ ಕಾರಣಗಳು ಬೇರೆ. ಸ್ವರಗಳನ್ನು ಎಳೆಯುತ್ತೇವೆ, ದನಿ ಕಡಿಯುವುದಿಲ್ಲ, ಮುಂದಿನ ಪದ ಯಾವುದು ಅಂತ ಮೊದಲೇ ಗೊತ್ತಿರುತ್ತದೆ.

ನಮ್ಮಂಥವರಿಗೆ ಪದ ಬದಲಿಸುವ ಅಭ್ಯಾಸ ಇರುತ್ತದೆ. ಕಷ್ಟದ ಪದ ಬರುತ್ತಿದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ, ತಕ್ಷಣ ಬೇರೆಯದು ಹಾಕುತ್ತೇವೆ. ನನಗೆ ಕ, ಚ, ಪ ಕಷ್ಟ. ಮೈಸೂರಿನಿಂದ ಚನ್ನಪಟ್ಟಣಕ್ಕೆ ಹೋಗುವಾಗ ಕಂಡಕ್ಟರ್‌ಗೆ ‘ರಾಮನಗರ’ ಅಂದು ಜಾಸ್ತಿ ದುಡ್ಡು ಕೊಟ್ಟದ್ದಿದೆ.

ಕುಮಾರವ್ಯಾಸನ ಹತ್ತಿರ ಇದು ನಡೆಯುವುದಿಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ‘ಪಾರ್ಥ’ ಮೂರು ಮಾತ್ರೆ, ‘ಅರ್ಜುನ’ ನಾಲ್ಕು. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಸಾಲೇ ಕೆಡುತ್ತದೆ. ಕವಿ ಇಟ್ಟ ಪದವನ್ನೇ ಹೇಳಬೇಕು. ಹೀಗೆ ದಿನವೂ ಹೇಳುತ್ತಾ, ‘ಪಾರ್ಥ’ ಹಾಡುವಾಗ ತುಟಿಗಳು ಹಗುರವಾಗಿ ಸೇರಿ ಬಿಡುವುದನ್ನು ಗಮನಿಸಿದೆ. ಮಾತಿನಲ್ಲಿ ಅದೇ ತುಟಿ ಬಿಗಿದು ನಿಲ್ಲುತ್ತದೆ. ನನ್ನ ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟದ್ದೂ ಇದನ್ನೇ: ಮೊದಲು ಸ್ವಲ್ಪ ಉಸಿರು ಬಿಡು, ಅಕ್ಷರವನ್ನು ಒತ್ತಬೇಡ. ಚಿಕ್ಕಂದಿನಲ್ಲಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದರಿಂದ ಏನೂ ಆಗಿರಲಿಲ್ಲ, ಇದರಿಂದ ಆಯಿತು.

ಗಮಕದಲ್ಲಿ ಸಾಮಾನ್ಯವಾಗಿ ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನಕ್ಕೆ ಮಾತ್ರ ನಿಂತುಬಿಡಬಹುದಿತ್ತು. ಆದರೆ ನನಗೆ ಕಥೆ ಹೇಳುವ ಆಸೆ. ಮನೆಯಲ್ಲಿ ಹೀಗೆ ಅಭ್ಯಾಸ ಮಾಡಿದೆ: ತಂಬೂರಿ ಹಾಕಿಕೊಂಡು ಪದ್ಯದ ಕೊನೆಯ ಸಾಲು ಹಾಡುವುದು, ದನಿ ನಿಲ್ಲಿಸದೆ ಅದೇ ಶ್ರುತಿಯಲ್ಲಿ ಅರ್ಥದ ಮೊದಲ ಪದ ಹೇಳುವುದು, ಆಮೇಲೆ ಮೆಲ್ಲಗೆ ಮಾತಿಗೆ ಇಳಿಯುವುದು. ಮೊದಲ ಪದಕ್ಕೆ ಇದು ಇಂದಿಗೂ ಒಳ್ಳೆಯ ಉಪಾಯ. ಇಡೀ ವ್ಯಾಖ್ಯಾನವನ್ನು ಹಾಗೇ ರಾಗವಾಗಿ ಹೇಳಿದರೆ ಉಗ್ಗು ಬರುವುದಿಲ್ಲ, ಕಥೆಯೂ ಬರುವುದಿಲ್ಲ. ಕರ್ಣನ ಸಂಕಟ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತದೆ.

ಅದಕ್ಕೇ ಉಗ್ಗಿಕೊಂಡೇ ಹೇಳುವುದು ಅಂತ ತೀರ್ಮಾನಿಸಿದೆ. ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಕರ್ಣಭೇದನದ ಪ್ರಸಂಗ ತೆಗೆದುಕೊಂಡೆ. ಕರ್ಣ, ಕೃಷ್ಣ, ಕುಂತಿ, ಕೌರವ, ಪಾಂಡವ, ಎಲ್ಲವೂ ನನಗೆ ಕಷ್ಟದ ಹೆಸರುಗಳೇ. ಶುರುವಿನಲ್ಲೇ ಸಭೆಗೆ ಹೇಳುತ್ತೇನೆ: ‘ನನಗೆ ಉಗ್ಗು ಇದೆ. ಪದ ಸಿಕ್ಕಿಕೊಂಡರೆ ಕಾಯಿರಿ, ನೀವೇ ಪೂರ್ತಿ ಮಾಡಬೇಡಿ.’ ಇಷ್ಟು ಹೇಳಿದರೆ ಅರ್ಧ ಬಿಗಿತ ಹೋಗುತ್ತದೆ. ಉಗ್ಗನ್ನು ಅಡಗಿಸುವ ಕೆಲಸ ತಪ್ಪಿತಲ್ಲ! ‘ಕುಂತಿ’ ಬಾಯಿಗೆ ಬರದೆ ನಿಂತಾಗಲೂ ತಂಬೂರಿ ನಡೆಯುತ್ತಲೇ ಇರುತ್ತದೆ. ನಾನು ತಲೆ ತಗ್ಗಿಸದೆ ಜನರನ್ನು ನೋಡುತ್ತಾ ಕಾಯುತ್ತೇನೆ.

ಅಮೆರಿಕದ ಸಂಗೀತಗಾರ ಜೆರೋಮ್ ಎಲ್ಲಿಸ್ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಐದು ಸಲ ಬರೆಯುತ್ತಾರೆ, ಅವರು ಅತಿ ಹೆಚ್ಚು ಉಗ್ಗುವುದು ಆ ಹೆಸರಿನ ಮೇಲೇ. ಮಾತು ನಿಂತ ಜಾಗಗಳನ್ನೂ ತಮ್ಮ ಸಂಗೀತದಲ್ಲಿ ಉಳಿಸಿಕೊಳ್ಳುತ್ತಾರೆ. ಅದನ್ನು ಕೇಳಿದ ದಿನ ನನಗೆ ತುಂಬಾ ಧೈರ್ಯ ಬಂತು.

ಈಗ ಉಗ್ಗು ಇರುವ ಮಕ್ಕಳೂ ನನ್ನ ಹತ್ತಿರ ಕಲಿಯುತ್ತಾರೆ. ‘ಇವನಿಗೆ ಹಾಡು ಸಾಕು, ಮಾತು ಬೇಡ’ ಅಂತ ಅಪ್ಪ ಅಮ್ಮ ಹೇಳಿದರೆ ನಾನು ಒಪ್ಪುವುದಿಲ್ಲ. ಥೆರಪಿ ಬಿಡಿಸಬೇಡಿ ಅಂತಲೂ ಹೇಳುತ್ತೇನೆ, ಗಮಕ ಅದರ ಬದಲಿ ಅಲ್ಲ. ಪದ್ಯ ಕಲಿಸಿದ ದಿನವೇ ಅದರ ಅರ್ಥವನ್ನೂ ಮಗುವಿನ ಬಾಯಲ್ಲೇ ಹೇಳಿಸುತ್ತೇನೆ, ಎಷ್ಟು ಹೊತ್ತಾದರೂ ಸರಿ.